ವೀರ, ಅದ್ಭುತ, ಹಾಸ್ಯ: ಇಂದಿನ ಚಲಚ್ಚಿತ್ರಗಳನ್ನು ನೋಡುವ ಬಗೆ

(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇತ್ತೀಚಿನ ಸಾಹಸಚಿತ್ರಗಳು, ವಿಜ್ಞಾನಚಿತ್ರಗಳು ಮತ್ತು ಹಾಸ್ಯಚಿತ್ರಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ಶಾಲೆಯ ವೇದಿಕೆಗೂ ಸಿನಿಮಾಕ್ಕೂ ಏನು ಸಂಬಂಧವೆಂದು ಹಿರಿಯರಲ್ಲಿ ಕೆಲವರು ಕೇಳಬಹುದು. ಹಿಂದಿನ ಕಾಲದಲ್ಲಿ ಇಂಥ ವೇದಿಕೆಯಿಂದ ಮಕ್ಕಳಿಗೆ ದೊರೆಯುತ್ತಿದ್ದ ಉಪದೇಶ ಒಂದೇ: ಸಿನಿಮಾ ನೋಡಬೇಡಿರಿ, ಪಾಠ ಓದಿರಿ. ಆಗ ಚಿತ್ರವನ್ನು ನೋಡಬೇಕಾದರೆ ಪೇಟೆಗೆ ಹೋಗಬೇಕಾಗಿತ್ತು, ಟಿಕೇಟಿಗೆ ಹಣ ಬೇಕಾಗಿತ್ತು, ಮನೆಯ ಹಿರಿಯರ ಅನುಮತಿಯೂ ಬೇಕಾಗಿತ್ತು. ಇಂದು ಚಿತ್ರವೇ ಮನೆಗೆ ಬಂದಿದೆ. ಅಂಗೈಯಷ್ಟು ಅಗಲದ ಮೊಬೈಲಿನಲ್ಲಿ ಕುಳಿತಿದೆ. ನೋಡಬೇಡವೆಂಬ ಮಾತಿಗೆ ಈಗ ಬೆಲೆಯಿಲ್ಲ. ಹೇಗೆ ನೋಡಬೇಕೆಂಬುದನ್ನು ಕಲಿಸುವ ಮಾತಿಗೆ ಮಾತ್ರ ಬೆಲೆಯುಂಟು. ಆದುದರಿಂದ ಈ ವಿಷಯವು ಶಾಲೆಗೆ ಹೊರತಾದುದಲ್ಲವೆಂದು ನಾನು ಭಾವಿಸುತ್ತೇನೆ.

ಸಾಹಸ, ವಿಜ್ಞಾನ, ಹಾಸ್ಯ ಎಂಬ ಈ ವಿಂಗಡಣೆ ಹೊಸದೆಂದು ತೋರಬಹುದು. ಆದರೆ ನಮ್ಮ ಪೂರ್ವಿಕರಿಗೆ ಇವು ಅಪರಿಚಿತವಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಎಂಟು ರಸಗಳನ್ನು ಹೇಳುತ್ತದೆ. ಅವುಗಳಲ್ಲಿ ವೀರ, ಅದ್ಭುತ, ಹಾಸ್ಯ ಎಂಬ ಮೂರೂ ಇವೆ. ಪಾರ್ತಿಸುಬ್ಬನ ನಾಡಾದ ಈ ಕುಂಬಳೆ ಸೀಮೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ವೀರ ವೇಷವೂ, ಬಣ್ಣದ ವೇಷದ ಬೆರಗೂ, ಹಾಸ್ಯಗಾರನ ಮಾತೂ ಒಂದೇ ರಾತ್ರಿಯಲ್ಲಿ ಬಂದು ಹೋಗುವುದನ್ನು ನೀವು ಕಂಡಿದ್ದೀರಿ. ಒಂದೊಂದು ರಸಕ್ಕೂ ಒಂದೊಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಇಂದಿನ ಚಿತ್ರಗಳನ್ನು ನೋಡೋಣ. ಈ ಮೂರು ಪ್ರಶ್ನೆಗಳನ್ನು ಮನೆಗೆ ಒಯ್ದರೆ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.

ಮೊದಲನೆಯದು ವೀರ. ಭರತನು ವೀರರಸಕ್ಕೆ ಸ್ಥಾಯಿಭಾವವೆಂದು ಹೇಳುವುದು ಉತ್ಸಾಹವನ್ನು. ಕ್ರೋಧವು ಸ್ಥಾಯಿಯಾಗಿರುವುದು ವೀರಕ್ಕಲ್ಲ, ರೌದ್ರಕ್ಕೆ. ಈ ಭೇದವು ಬಹಳ ಮುಖ್ಯವಾದುದು. ಒಂದು ಒಳ್ಳೆಯ ಕಾರ್ಯವನ್ನು ಕೈಗೊಂಡು, ಅಡ್ಡಿಯನ್ನು ಎದುರಿಸಿ ನಡೆಯುವವನಲ್ಲಿ ಇರುವುದು ಉತ್ಸಾಹ. ಹೊಡೆಯುವುದಕ್ಕಾಗಿಯೇ ಹೊಡೆಯುವವನಲ್ಲಿ ಇರುವುದು ಕ್ರೋಧ. ಆದುದರಿಂದ ಸಾಹಸಚಿತ್ರವನ್ನು ನೋಡುವಾಗ ಕೇಳಬೇಕಾದ ಪ್ರಶ್ನೆ ಇದು: ಇದು ವೀರವೋ, ರೌದ್ರವೋ?

2018ರ ಡಿಸೆಂಬರಿನಲ್ಲಿ ಬಂದ 'ಕೆ.ಜಿ.ಎಫ್.' ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಪ್ರಶಾಂತ್ ನೀಲ್ ನಿರ್ದೇಶಿಸಿ ಯಶ್ ಅಭಿನಯಿಸಿದ ಈ ಚಿತ್ರವು ಕನ್ನಡ ಚಿತ್ರೋದ್ಯಮದ ಹೆಸರನ್ನು ದೇಶವೆಲ್ಲ ಕೇಳುವಂತೆ ಮಾಡಿತು. ಅದರ ಹೊಡೆದಾಟಗಳನ್ನು ಸಂಯೋಜಿಸಿದ ವಿಕ್ರಂ ಮೋರ್ ಮತ್ತು ಅನ್ಬರಿವ್ ಅವರಿಗೆ 66ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಯೂ ಬಂದಿತು. ಮೊದಲನೆಯ ಭಾಗದಲ್ಲಿ ನಾಯಕನು ಗಣಿಯೊಳಗೆ ಗುಲಾಮರಾಗಿ ಸಾಯುತ್ತಿರುವ ಜನರ ನಡುವೆ ಸೇರುತ್ತಾನೆ. ಅವರ ಸಂಕಟವನ್ನು ಕಂಡು ಅವನು ಕೈಯೆತ್ತಿದಾಗ ನಮ್ಮಲ್ಲಿ ಏಳುವುದು ಉತ್ಸಾಹವೆಂದೇ ಹೇಳಬೇಕು. 2022ರ ಎಪ್ರಿಲಿನಲ್ಲಿ ಬಂದ ಎರಡನೆಯ ಭಾಗದಲ್ಲಿ ಅದೇ ನಾಯಕನು ಒಂದು ದೊಡ್ಡ ಯಂತ್ರದ ಬಂದೂಕನ್ನು ತಂದು ಪೋಲೀಸು ಠಾಣೆಯನ್ನು ನುಚ್ಚುನೂರು ಮಾಡುತ್ತಾನೆ. ಚಿತ್ರಮಂದಿರದಲ್ಲಿ ಆಗಲೂ ಅಷ್ಟೇ ದೊಡ್ಡ ಚಪ್ಪಾಳೆ. ಮೊದಲನೆಯ ಚಪ್ಪಾಳೆ ಯಾರಿಗಾಗಿ, ಎರಡನೆಯ ಚಪ್ಪಾಳೆ ಯಾತಕ್ಕಾಗಿ ಎಂದು ಕೈಗಳನ್ನು ಒಂದು ಕ್ಷಣ ತಡೆದು ಕೇಳಿಕೊಳ್ಳಿರಿ. ಒಂದು ವಿಷಯವನ್ನು ಹುಡುಗರು ಮರೆಯಬಾರದು. ಆ ಚಿತ್ರದ ಕಥೆ ಕಲ್ಪಿತವಾದುದು. ನಿಜವಾದ ಕೋಲಾರದ ಗಣಿಯಲ್ಲಿ 1880ರಿಂದ 2001ರ ಫೆಬ್ರವರಿಯಲ್ಲಿ ಅದು ಮುಚ್ಚುವ ತನಕ ತಲೆತಲಾಂತರವಾಗಿ ಕೂಲಿಗಳು ಇಳಿದು ದುಡಿದರು. ಮೂರು ಕಿಲೋಮೀಟರಿಗೂ ಮೀರಿದ ಆಳದಲ್ಲಿ, ಸುಡುವ ಬಂಡೆಗಳ ನಡುವೆ ದುಡಿದರು. ಅವರ ಕೈಯಲ್ಲಿದ್ದುದು ಹಾರೆ, ಸುತ್ತಿಗೆ. ಅವರ ವೀರಕ್ಕೆ ಯಾವ ಸಂಗೀತವೂ ಮೊಳಗಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಬಂದ 'ಕಾಂತಾರ'ವು ನಮ್ಮ ಮನೆಯಂಗಳದ ಚಿತ್ರವೆಂದರೂ ಸಲ್ಲುತ್ತದೆ. ದೈವಗಳ ಕೋಲ, ಕಂಬಳ, ಕರಾವಳಿಯ ಕನ್ನಡ ಎಲ್ಲವೂ ಅದರಲ್ಲಿವೆ. ಅದನ್ನು ಬರೆದು ನಿರ್ದೇಶಿಸಿ ನಟಿಸಿದ ರಿಷಭ್ ಶೆಟ್ಟಿಯವರು 2024ರಲ್ಲಿ ಘೋಷಿತವಾದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟರೆನಿಸಿದರು. ಈ ಚಿತ್ರದ ನಾಯಕ ಶಿವನು ಮೊದಲಲ್ಲಿ ಮುಂಗೋಪಿ. ಅರಣ್ಯಾಧಿಕಾರಿಯೊಡನೆ ಕಾಲು ಕೆರೆದು ಜಗಳಕ್ಕೆ ನಿಲ್ಲುವವನು. ಅವನು ಹಗೆಯೆಂದು ತಿಳಿದ ಅಧಿಕಾರಿ ಹಗೆಯಲ್ಲ, ಒಡೆಯನೆಂದು ನಂಬಿದವನೇ ನೆಲವನ್ನು ಕಸಿಯಬಂದವನು ಎಂಬುದು ತಿಳಿಯುವ ಹೊತ್ತಿಗೆ ಊರು ಉರಿಯುತ್ತಿರುತ್ತದೆ. ಕೊನೆಯ ದೃಶ್ಯದಲ್ಲಿ ದೈವವು ಅಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಒಂದಾಗಿ ಸೇರಿಸುತ್ತದೆ. ಹೊಡೆದಾಟವೆಲ್ಲ ಮುಗಿದ ಮೇಲೆ ಉಳಿಯುವ ಚಿತ್ರ ಅದು. ರೌದ್ರವು ಶಾಂತಿಗೆ ಬಂದು ನಿಲ್ಲುವ ಈ ನಡೆಯನ್ನು ನಾನು ಮೆಚ್ಚುತ್ತೇನೆ. ಆದರೆ ಅದೇ ಚಿತ್ರದ ಮೊದಲ ಭಾಗದಲ್ಲಿ ನಾಯಕನು ನಾಯಕಿಯ ಒಪ್ಪಿಗೆ ಕೇಳದೆ ಅವಳ ಮೈಮುಟ್ಟಿ ಚೇಷ್ಟೆ ಮಾಡುವುದನ್ನು ವಿನೋದವೆಂದು ತೋರಿಸಿರುವುದು ಸರಿಯಲ್ಲ. ಗಂಡುಮಕ್ಕಳು ಅದನ್ನು ವಿನೋದವೆಂದು ಕಲಿಯಬಾರದು. ದೈವದ ಕೂಗನ್ನೂ ಅನುಕರಿಸುವ ಆಟ ಬೇಡ. 2025ರಲ್ಲಿ ಇದರ ಹಿಂದಿನ ಕಥೆಯನ್ನು ಹೇಳುವ ಚಿತ್ರ ಬಂದಾಗ, ದೈವಗಳನ್ನು ಬೀದಿಯಲ್ಲಿಯೂ ಚಿತ್ರಮಂದಿರದಲ್ಲಿಯೂ ಅನುಕರಿಸಬೇಡಿರೆಂದು ಚಿತ್ರವನ್ನು ತೆಗೆದವರೇ ಕೇಳಿಕೊಳ್ಳಬೇಕಾಯಿತು.

ಸಾಹಸಚಿತ್ರದ ಇನ್ನೊಂದು ಮುಖವನ್ನೂ ತಿಳಿಯುವುದು ಅಗತ್ಯ. ತೆರೆಯ ಮೇಲೆ ಬೀಳುವವರೆಲ್ಲ ಮತ್ತೆ ಏಳುತ್ತಾರೆ. ತೆರೆಯ ಹಿಂದೆ ಎಲ್ಲರೂ ಏಳುವುದಿಲ್ಲ. ಮಲಯಾಳದ ಜನಪ್ರಿಯ ನಟ ಜಯನ್ ಅವರು 1980ರ ನವೆಂಬರ್ 16ರಂದು ಮದರಾಸಿನ ಸಮೀಪದ ಶೋಳಾವರಂನಲ್ಲಿ, ಹೆಲಿಕಾಪ್ಟರಿಗೆ ಜೋತು ಬೀಳುವ ದೃಶ್ಯದ ಚಿತ್ರೀಕರಣದಲ್ಲಿ ಮಡಿದರು. 2016ರ ನವೆಂಬರ್ 7ರಂದು ಬೆಂಗಳೂರಿನ ಸಮೀಪದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಒಂದು ಕನ್ನಡ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಇಬ್ಬರು ಯುವ ನಟರು ಮುಳುಗಿ ಪ್ರಾಣಬಿಟ್ಟರು. ನಮ್ಮ ದೇಶದಲ್ಲಿ ಸಾಹಸ ಸಂಯೋಜಕರಿಗೆ ರಾಷ್ಟ್ರೀಯ ಪ್ರಶಸ್ತಿಯನ್ನು ಕೊಡಲು ಆರಂಭಿಸಿದುದು 2016ರ ಚಿತ್ರಗಳಿಂದ. ಹೆಸರು ಬಾರದ ಎಷ್ಟೋ ಮಂದಿಯ ಮೈನೋವು ನಮ್ಮ ಎರಡು ನಿಮಿಷದ ಸಂತೋಷದ ಹಿಂದೆ ಇದೆ. ಶಾಲೆಯ ಮಾಡಿನಿಂದ ಹಾರಿ ನೋಡೋಣವೆಂದು ಯಾವ ಹುಡುಗನಿಗಾದರೂ ತೋರಿದರೆ ಈ ಮಾತನ್ನು ನೆನೆದುಕೊಳ್ಳಲಿ.

ಎರಡನೆಯದು ಅದ್ಭುತ. ಇದರ ಸ್ಥಾಯಿಭಾವ ವಿಸ್ಮಯ. ವಿಜ್ಞಾನದ ಕಲ್ಪನೆಯನ್ನು ಆಧರಿಸಿದ ಚಿತ್ರಗಳು ಈ ರಸಕ್ಕೆ ಸೇರತಕ್ಕವು. ಇಲ್ಲಿ ಕೇಳಬೇಕಾದ ಪ್ರಶ್ನೆ: ಈ ಬೆರಗಿನೊಳಗೆ ಒಂದು ನಿಯಮವಿದೆಯೆ? ನಿಯಮವಿಲ್ಲದ ಬೆರಗು ಜಾತ್ರೆಯ ಕಣ್ಕಟ್ಟಿನಂತೆ. ಡೇರೆಯಿಂದ ಹೊರಬಂದೊಡನೆ ಮರೆತುಹೋಗುತ್ತದೆ. ನಿಯಮವುಳ್ಳ ಬೆರಗು ಮನಸ್ಸಿನಲ್ಲಿ ಉಳಿದು ಪ್ರಶ್ನೆಗಳನ್ನು ಎಬ್ಬಿಸುತ್ತದೆ.

ಈ ಬಗೆಯ ಚಿತ್ರಗಳ ಆದಿಯಲ್ಲಿ ನಿಲ್ಲುವವನು ಫ್ರಾನ್ಸಿನ ಜಾರ್ಜ್ ಮೆಲಿಯೆಸ್. 1902ರಲ್ಲಿ ಅವನು ತೆಗೆದ ಚಂದ್ರಯಾತ್ರೆಯ ಚಿತ್ರದಲ್ಲಿ ಪಂಡಿತರನ್ನು ಫಿರಂಗಿಯೊಳಗಿಟ್ಟು ಚಂದ್ರನತ್ತ ಹಾರಿಸುತ್ತಾರೆ. ಜನರು ನಕ್ಕರು. 67 ವರ್ಷಗಳು ಕಳೆಯುವಷ್ಟರಲ್ಲಿ, 1969ರಲ್ಲಿ, ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟನು. ಕಲ್ಪನೆಯು ಮುಂದೆ ಓಡಿತು. ಗಣಿತವು ಹಿಂದಿನಿಂದ ನಡೆದು ಬಂದು ಅದನ್ನು ಸೇರಿಕೊಂಡಿತು.

2014ರ 'ಇಂಟರ್‌ಸ್ಟೆಲ್ಲರ್' ಚಿತ್ರದಲ್ಲಿ ಗಣಿತವೂ ಕಲ್ಪನೆಯೂ ಕೈಹಿಡಿದು ನಡೆದವು. ಕಪ್ಪುಕುಳಿಯೆಂಬ ಆಕಾಶವಸ್ತುವಿನ ಸುತ್ತ ಬೆಳಕು ಹೇಗೆ ಬಾಗೀತೆಂಬುದನ್ನು ತೋರಿಸುವುದಕ್ಕಾಗಿ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರು ಭೌತವಿಜ್ಞಾನಿ ಕಿಪ್ ಥಾರ್ನ್ ಅವರ ನೆರವನ್ನು ಪಡೆದರು. ಅವರು ಕೊಟ್ಟ ಸಮೀಕರಣಗಳಿಂದಲೇ ಗಣಕಯಂತ್ರಗಳು ಆ ದೃಶ್ಯವನ್ನು ರಚಿಸಿದವು. ಥಾರ್ನ್ ಅವರಿಗೆ ಗುರುತ್ವದ ಅಲೆಗಳ ಶೋಧನೆಗಾಗಿ 2017ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂದಿತು. ನಿಜವಾದ ಕಪ್ಪುಕುಳಿಯೊಂದರ ಚಿತ್ರವನ್ನು ವಿಜ್ಞಾನಿಗಳು ಮೊದಲ ಬಾರಿಗೆ ಪ್ರಕಟಿಸಿದುದು 2019ರ ಎಪ್ರಿಲ್ 10ರಂದು. ಆ ಕಥೆಯಲ್ಲಿ ಒಂದು ಗ್ರಹದ ಮೇಲಿನ ಒಂದು ಗಂಟೆ ಭೂಮಿಯ ಏಳು ವರ್ಷಗಳಿಗೆ ಸಮ. ಬಲವಾದ ಗುರುತ್ವವಿರುವಲ್ಲಿ ಕಾಲವು ನಿಧಾನವಾಗಿ ಸಾಗುತ್ತದೆಂಬ ಐನ್‌ಸ್ಟೈನರ ಸಿದ್ಧಾಂತವೇ ಇದಕ್ಕೆ ಆಧಾರ. ಗ್ರಹಕ್ಕೆ ಇಳಿದು ಹಿಂದಿರುಗಿದ ತಂದೆಗೆ ತನ್ನ ಮಕ್ಕಳು ದೊಡ್ಡವರಾಗಿ ಹೋದುದು ತಿಳಿದಾಗ, ನೋಡುವವರ ಕಣ್ಣುಗಳೂ ತೇವಗೊಳ್ಳುತ್ತವೆ. ಆ ಕಣ್ಣೀರಿನ ಹಿಂದೆ ಭೌತವಿಜ್ಞಾನದ ಒಂದು ನಿಯಮವಿದೆ.

2015ರ 'ದಿ ಮಾರ್ಷಿಯನ್' ಚಿತ್ರದಲ್ಲಿ ಮಂಗಳಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದ ಸಸ್ಯವಿಜ್ಞಾನಿಯೊಬ್ಬನು ಬಟಾಟೆ ಬೆಳೆದು ಪ್ರಾಣ ಉಳಿಸಿಕೊಳ್ಳುತ್ತಾನೆ. ಗೊಬ್ಬರಕ್ಕೆ ಅವನು ಬಳಸುವುದು ಮನುಷ್ಯರ ಮಲವನ್ನೇ. ನಮ್ಮ ಕೃಷಿಕರಿಗೆ ಇದರಲ್ಲಿ ಸೋಜಿಗವೇನೂ ಕಾಣದು! ಆದರೆ ಚಿತ್ರವನ್ನು ನಂಬಿದಂತೆಯೇ ಪರೀಕ್ಷಿಸಲೂ ಬೇಕು. ಕಥೆಯ ಮೊದಲಿಗೆ ಬರುವ ಬಿರುಗಾಳಿಯು ನೌಕೆಯನ್ನೇ ಉರುಳಿಸುವಷ್ಟು ಜೋರಾಗಿ ಬೀಸುತ್ತದೆ. ಮಂಗಳದಲ್ಲಿ ವಾಯುವಿನ ಒತ್ತಡವು ಭೂಮಿಯ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಅಲ್ಲಿಯ ಗಾಳಿಗೆ ಅಷ್ಟು ಬಲವಿರಲಾರದು. ಕಾದಂಬರಿಕಾರ ಆಂಡಿ ವೀರ್ ಅವರೇ ಇದನ್ನು ಒಪ್ಪಿಕೊಂಡಿದ್ದಾರೆ. ವಿಜ್ಞಾನದ ಅಧ್ಯಾಪಕರು ಇಂಥ ಒಂದು ದೃಶ್ಯವನ್ನು ತರಗತಿಯಲ್ಲಿ ತೋರಿಸಿ, ತಪ್ಪು ಎಲ್ಲಿದೆ ಎಂದು ಕೇಳಿದರೆ ಆ ದಿನದ ಪಾಠವನ್ನು ಮಕ್ಕಳು ಮರೆಯಲಾರರು.

ನಮ್ಮ ನೆರೆಯ ಮಲಯಾಳದಲ್ಲಿ 2021ರ ಡಿಸೆಂಬರಿನಲ್ಲಿ ಬಂದ 'ಮಿನ್ನಲ್ ಮುರಳಿ'ಯನ್ನು ಇಲ್ಲಿಯ ಮಕ್ಕಳು ನೋಡಿಯೇ ಇರುತ್ತೀರಿ. ಎರಡು ಭಾಷೆಗಳ ಚಿತ್ರಗಳನ್ನು ಅನುವಾದದ ಹಂಗಿಲ್ಲದೆ ಸವಿಯಬಲ್ಲ ಭಾಗ್ಯ ಗಡಿನಾಡಿನವರದು. ಒಂದೇ ರಾತ್ರಿ ಮಿಂಚು ಹೊಡೆದು ಇಬ್ಬರಿಗೆ ಅಸಾಧಾರಣ ಶಕ್ತಿ ಬರುತ್ತದೆ. ಒಬ್ಬನು ದರ್ಜಿ, ಇನ್ನೊಬ್ಬನು ಊರವರೆಲ್ಲ ಹೀಯಾಳಿಸಿ ದೂರವಿಟ್ಟ ಬಡಪಾಯಿ. ಒಬ್ಬನು ಊರನ್ನು ಕಾಯುವವನಾಗುತ್ತಾನೆ, ಇನ್ನೊಬ್ಬನು ಊರನ್ನು ಸುಡುವವನಾಗುತ್ತಾನೆ. ಶಕ್ತಿ ಇಬ್ಬರಿಗೂ ಒಂದೇ. ಜನರು ಅವರೊಡನೆ ನಡೆದುಕೊಂಡ ರೀತಿ ಬೇರೆ. ವಿಜ್ಞಾನದ ದೃಷ್ಟಿಯಿಂದ ಈ ಕಥೆಗೆ ಆಧಾರವಿಲ್ಲ, ಲೋಕದ ದೃಷ್ಟಿಯಿಂದ ಸಾಕಷ್ಟು ಆಧಾರವಿದೆ. ಒಂದು ಎಚ್ಚರಿಕೆ: ನಿಜವಾದ ಸಿಡಿಲು ಯಾರಿಗೂ ಶಕ್ತಿ ಕೊಡುವುದಿಲ್ಲ. ಭಾರತದಲ್ಲಿ ಪ್ರತಿವರ್ಷವೂ 2,000ಕ್ಕಿಂತ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಗುಡುಗಿನ ಹೊತ್ತಿನಲ್ಲಿ ಮಕ್ಕಳು ಮರದಡಿ ನಿಲ್ಲಬಾರದು, ಬಯಲಿನಲ್ಲಿ ಆಡಬಾರದು.

ಅದ್ಭುತಕ್ಕೆ ಹಣವೇ ಬೇಕೆಂಬ ಭ್ರಮೆಯೂ ಬೇಡ. ಆಕಾಶದಲ್ಲಿ ಒಂಟಿಯಾದ ಯಾತ್ರಿಕಳ ಕಥೆಯನ್ನು ಹೇಳುವ 'ಗ್ರಾವಿಟಿ' ಎಂಬ 2013ರ ಚಿತ್ರಕ್ಕೆ ಆದ ವೆಚ್ಚಕ್ಕಿಂತ ಕಡಮೆ ವೆಚ್ಚದಲ್ಲಿ, ಸುಮಾರು 450 ಕೋಟಿ ರೂಪಾಯಿಗಳಲ್ಲಿ, ನಮ್ಮ ದೇಶದ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ನಿಜವಾದ ಮಂಗಳನ ಕಕ್ಷೆಯನ್ನು ಸೇರಿತು. ಅದನ್ನು ಕಳುಹಿಸಿದವರಲ್ಲಿ ಮಾತೃಭಾಷೆಯ ಶಾಲೆಗಳಲ್ಲಿ ಮಗ್ಗಿ ಕಲಿತವರೂ ಇದ್ದಾರೆಂಬುದನ್ನು ಪೋಷಕರು ಗಮನಿಸಬೇಕು.

ಮೂರನೆಯದು ಹಾಸ್ಯ. ಇದು ಎಲ್ಲಕ್ಕಿಂತ ಸುಲಭವೆಂದು ತೋರುತ್ತದೆ, ಎಲ್ಲಕ್ಕಿಂತ ಕಷ್ಟವಾದುದು. ಭರತನು ನಗೆಯಲ್ಲಿ ಆರು ಬಗೆಗಳನ್ನು ಎಣಿಸುತ್ತಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ತುಟಿಯಂಚಿನ ಮುಗುಳುನಗೆಯಿಂದ ಹೊಟ್ಟೆ ಹಿಡಿದುಕೊಳ್ಳುವ ಅಟ್ಟಹಾಸದವರೆಗೆ ಈ ಮೆಟ್ಟಿಲುಗಳಿವೆ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾರನ್ನು ಕಂಡು ನಗುತ್ತಿದ್ದೇವೆ?

ಉಗ್ಗುವವನನ್ನು, ಕಪ್ಪಗಿರುವವಳನ್ನು, ದಪ್ಪಗಿರುವವನನ್ನು, ಹಳ್ಳಿಯ ಮಾತನಾಡುವವನನ್ನು ತಂದು ನಿಲ್ಲಿಸಿ ನಗಿಸುವುದು ಚಿತ್ರಗಳಲ್ಲಿ ಬಹುಕಾಲದಿಂದ ನಡೆದುಬಂದ ಅಭ್ಯಾಸ. ಕರಾವಳಿಯ ಕನ್ನಡವನ್ನು ಹೋಟೆಲಿನ ಅಡುಗೆಯವನ ಬಾಯಲ್ಲಿ ಮಾತ್ರ ಆಡಿಸಿ ನಗಿಸಿದ ದಿನಗಳೂ ಇದ್ದವು. ಇತ್ತೀಚೆಗೆ ಗಾಳಿ ತಿರುಗಿದೆ. 2017ರಲ್ಲಿ ರಾಜ್ ಬಿ. ಶೆಟ್ಟಿಯವರು ಬರೆದು, ನಿರ್ದೇಶಿಸಿ, ನಟಿಸಿದ 'ಒಂದು ಮೊಟ್ಟೆಯ ಕಥೆ'ಯನ್ನು ನೋಡಿರಿ. ಅದರ ನಾಯಕನು ಮಂಗಳೂರಿನ ಒಬ್ಬ ಕನ್ನಡ ಅಧ್ಯಾಪಕ, ಬೋಳುತಲೆಯವನು, ಅದರಿಂದಾಗಿ ಅವನಿಗೆ ಹೆಣ್ಣು ಸಿಗದು. ಮೊದಲು ನಾವು ಅವನ ತಲೆಯನ್ನು ಕಂಡು ನಗುತ್ತೇವೆ. ಆಮೇಲೆ ಅವನೇ ಒಬ್ಬ ಒಳ್ಳೆಯ ಹುಡುಗಿಯನ್ನು ಮೈ ದಪ್ಪವೆಂಬ ಕಾರಣಕ್ಕೆ ಒಪ್ಪಲು ಹಿಂಜರಿಯುತ್ತಾನೆ. ಆಗ ನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತಾನು ನೊಂದ ಬಗೆಯಲ್ಲಿಯೇ ಇನ್ನೊಬ್ಬರನ್ನು ನೋಯಿಸುವುದು ಎಷ್ಟು ಸುಲಭವೆಂದು ಆ ಚಿತ್ರ ಉಪದೇಶವಿಲ್ಲದೆ ತಿಳಿಸುತ್ತದೆ.

2025ರ ಜುಲೈಯಲ್ಲಿ ಬಂದ 'ಸು ಫ್ರಮ್ ಸೋ' ಚಿತ್ರವೂ ಅಂಥದೇ. ಅದನ್ನು ನಿರ್ದೇಶಿಸಿ ನಟಿಸಿದವರು ಜೆ.ಪಿ. ತುಮಿನಾಡು. ತುಮಿನಾಡು ಎಲ್ಲಿದೆಯೆಂದು ಮಂಜೇಶ್ವರದ ಕಡೆಯಿಂದ ಬಂದಿರುವ ಪೋಷಕರಿಗೆ ಹೇಳಬೇಕಾದುದಿಲ್ಲ. ಒಬ್ಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನೆಯೆಂಬವಳ ಪ್ರೇತ ಬಂದಿದೆಯೆಂದು ಊರೇ ನಂಬುತ್ತದೆ. ಒಂದು ಸುಳ್ಳನ್ನು ಉಳಿಸಲು ನೂರು ಸುಳ್ಳು ಬೇಕಾಗುತ್ತದೆ. ಚಿತ್ರಮಂದಿರವು ನಗೆಯಿಂದ ತುಂಬಿರುವಾಗಲೇ ಕಥೆಯು ಮೆಲ್ಲನೆ ಆ ಸತ್ತ ಹೆಂಗಸಿನ ಮಗಳ ಕಷ್ಟದತ್ತ ತಿರುಗುತ್ತದೆ. ಭಯದಿಂದ ಆರಂಭವಾದ ನಗೆ ಕರುಣೆಯಲ್ಲಿ ಮುಗಿಯುತ್ತದೆ.

ಈಗ ನಮ್ಮದೇ ಚಿತ್ರಕ್ಕೆ ಬರುತ್ತೇನೆ. 2018ರ ಆಗಸ್ಟ್ 24ರಂದು ತೆರೆಕಂಡ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಎಂಬ ಚಿತ್ರದ ಹೆಸರನ್ನು ಹೇಳಿದೊಡನೆ ನಿಮ್ಮ ಮುಖಗಳಲ್ಲಿ ನಗು ಮೂಡುವುದನ್ನು ಕಾಣುತ್ತಿದ್ದೇನೆ. ರಿಷಭ್ ಶೆಟ್ಟಿಯವರ ನಿರ್ದೇಶನ, ಅನಂತನಾಗ್ ಅವರ ಅಭಿನಯ. 'ಕೆ.ಜಿ.ಎಫ್.'ನ ಹೊಡೆದಾಟಕ್ಕೆ ಪ್ರಶಸ್ತಿ ಬಂದ ಅದೇ 66ನೆಯ ರಾಷ್ಟ್ರೀಯ ಪ್ರಶಸ್ತಿಗಳ ಪಟ್ಟಿಯಲ್ಲಿ, ಅತ್ಯುತ್ತಮ ಮಕ್ಕಳ ಚಿತ್ರವೆಂಬ ಗೌರವ ಇದಕ್ಕೆ ಸಂದಿತು. ಕನ್ನಡ ಬಾರದ ಅಧ್ಯಾಪಕನನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಲು ಕಳುಹಿಸಿದರೆ ಏನಾಗುವುದೆಂಬುದೇ ಅದರ ಹಾಸ್ಯ. ಬೇರೆ ಊರಿನವರಿಗೆ ಅದು ಕಥೆ. ಕಾಸರಗೋಡಿನವರಿಗೆ ಅದು ಮನವಿಪತ್ರಗಳಲ್ಲಿಯೂ ಧರಣಿಗಳಲ್ಲಿಯೂ ಮತ್ತೆ ಮತ್ತೆ ಹೇಳಿದ ವಿಷಯ.

ಇಲ್ಲಿಯೂ ನಮ್ಮ ಪ್ರಶ್ನೆಯನ್ನು ಬಿಡಬಾರದು: ಯಾರನ್ನು ಕಂಡು ನಗುತ್ತಿದ್ದೇವೆ? ಆ ಅಧ್ಯಾಪಕನನ್ನು ಕಂಡು ನಗುವಾಗ ಮಲಯಾಳ ಭಾಷೆಯನ್ನು ಕಂಡು ನಗುವ ಅಪಾಯ ಹತ್ತಿರದಲ್ಲಿಯೇ ಇದೆ, ಮತ್ತು ಚಿತ್ರವು ಒಂದೆರಡು ಕಡೆ ಆ ಗೆರೆಯ ತೀರ ಸಮೀಪಕ್ಕೆ ಹೋಗುತ್ತದೆಂದು ನನ್ನ ಅಭಿಪ್ರಾಯ. ಮಲಯಾಳವನ್ನಾಡುವವರು ನಮ್ಮ ನೆರೆಯವರು, ನಮ್ಮ ಮಕ್ಕಳ ಗೆಳೆಯರು. ತಪ್ಪು ಆ ಭಾಷೆಯದಲ್ಲ. ಮಗುವಿಗೆ ತಿಳಿಯದ ನುಡಿಯಲ್ಲಿ ಪಾಠ ಹೇಳಿಸುವ ವ್ಯವಸ್ಥೆಯದು. ನಗೆಬಾಣವನ್ನು ಅತ್ತ ಬಿಟ್ಟಾಗಲೆಲ್ಲ ಆ ಚಿತ್ರ ಸೊಗಸಾಗಿದೆ.

ತಾಯ್ತಂದೆಯರೇ, ನನ್ನ ಮಾತಿನ ತಿರುಳು ಇರುವುದು ಇಲ್ಲಿ. ಆ ಚಿತ್ರಕ್ಕೆ ಚಿತ್ರಮಂದಿರಗಳು ತುಂಬಿದವು. ಕನ್ನಡ ಶಾಲೆ ಉಳಿಯಲೆಂದು ಜನರು ಚಪ್ಪಾಳೆ ತಟ್ಟಿದರು. ಆದರೆ ಶಾಲೆ ಉಳಿಯುವುದು ಹಾಜರಿ ಪುಸ್ತಕದಲ್ಲಿರುವ ಹೆಸರುಗಳಿಂದ. ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಬೆಂಚುಗಳಲ್ಲಿ ಎಷ್ಟು ಮಕ್ಕಳು ಬಂದು ಕುಳಿತರು ಎಂಬುದರಿಂದ. ತೆರೆಯ ಮೇಲಿನ ಕನ್ನಡ ಶಾಲೆಗಾಗಿ ಕಣ್ಣೀರು ಹಾಕಿ, ಮರುದಿನ ಮನೆಯ ಮಗುವನ್ನು ಬೇರೆ ಮಾಧ್ಯಮದ ಶಾಲೆಯ ಬಸ್ಸಿಗೆ ಹತ್ತಿಸುವವರ ಮೇಲೆ ನನಗೆ ಕೋಪವಿಲ್ಲ. ಮಗುವಿನ ಮುಂದಿನ ಬದುಕಿನ ಚಿಂತೆ ಅವರಿಗೂ ಉಂಟು. ಆದರೆ ಅವರೊಡನೆ ಕುಳಿತು ಮಾತನಾಡಬೇಕಾದ ಹೊಣೆ ಈ ಸಭೆಯಲ್ಲಿರುವ ನಮ್ಮೆಲ್ಲರದು. ಆ ಮಾತನ್ನು ಯಾವ ನಾಯಕನೂ ಬಂದು ನಮ್ಮ ಪರವಾಗಿ ಆಡಲಾರನು.

ಕೊನೆಯದಾಗಿ, ಮನೆಯಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಚಿತ್ರದ ಮೊದಲಲ್ಲಿ ತೋರಿಸುವ ಪ್ರಮಾಣಪತ್ರವನ್ನು ಪೋಷಕರು ಓದಬೇಕು. 'ಎ' ಎಂಬುದು ವಯಸ್ಕರಿಗೆ ಮಾತ್ರ. 2024ರ ನಿಯಮಗಳಂತೆ 'ಯುಎ' ಎಂಬುದರಲ್ಲಿಯೂ 7, 13 ಮತ್ತು 16 ವರ್ಷಗಳೆಂಬ ಮೂರು ವಿಭಾಗಗಳಿವೆ. ಅವು ಮಕ್ಕಳಿಗೆ ತಕ್ಕುದಾವುದೆಂದು ಹೆತ್ತವರು ತೀರ್ಮಾನಿಸುವುದಕ್ಕೆ ನೆರವಾಗುವ ಸೂಚನೆಗಳು. ಆದರೆ ಮೊಬೈಲಿನ ಬಾಗಿಲಲ್ಲಿ ಟಿಕೇಟು ನೋಡುವವನು ಯಾರೂ ಇಲ್ಲ; ಆ ಬಾಗಿಲನ್ನು ಕಾಯಬೇಕಾದವರು ಮನೆಯವರೇ. ಸಾಧ್ಯವಾದಷ್ಟು ಮಟ್ಟಿಗೆ ಮಕ್ಕಳೊಡನೆ ಕುಳಿತು ಚಿತ್ರವನ್ನು ನೋಡಿರಿ. ನೋಡಿದ ಮೇಲೆ ಊಟದ ಹೊತ್ತಿನಲ್ಲಿ ಅದರ ವಿಷಯವಾಗಿ ಕನ್ನಡದಲ್ಲಿಯೇ ಮಾತನಾಡಿರಿ. ಮನೆಮಾತು ತುಳುವಾದರೆ, ಕೊಂಕಣಿಯಾದರೆ, ಮರಾಠಿಯಾದರೆ, ಮಲಯಾಳವಾದರೆ ಅದರಲ್ಲಿಯೂ ಮಾತನಾಡಿರಿ.

ಮಕ್ಕಳೇ, ನೀವು ಒಂದು ಚಿತ್ರವನ್ನು ನೋಡಿದಾಗಲೆಲ್ಲ ನೋಟುಪುಸ್ತಕದಲ್ಲಿ ಒಂದು ಪುಟ ಬರೆಯಿರಿ. ಇದರಲ್ಲಿರುವುದು ವೀರವೋ ರೌದ್ರವೋ? ಈ ಬೆರಗಿಗೆ ನಿಯಮವುಂಟೆ? ನಾನು ನಕ್ಕುದು ಯಾರನ್ನು ಕಂಡು? ಬರೆದುದರಲ್ಲಿ ಚೆನ್ನಾಗಿರುವುದನ್ನು ಅಧ್ಯಾಪಕರು ಗೋಡೆಪತ್ರಿಕೆಯಲ್ಲಿ ಪ್ರಕಟಿಸಲಿ, ಅದರಲ್ಲಿಯೂ ಉತ್ತಮವಾದುದು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚಾಗಲಿ.